ಬಿಳಿ ಆರರ ಮೇಲಿನ ಕುಂಕುಮ

ಆಟ ಮುಗಿಯುವ ಹೊತ್ತಿಗೆ ನನ್ನ ಬಲಗೈಯ ನಡುಬೆರಳ ತುದಿ ಕೆಂಪಾಗಿರುತ್ತಿತ್ತು. ಅದನ್ನು ನೋಡಿ ಕಸ್ತೂರಿ ನಗುತ್ತಿದ್ದಳು: "ನೋಡ್ರಿ, ನಮ್ಮ ಮಾಸ್ತರ್ರ ಬೆರಳೂ ಬಣ್ಣ ಹಚ್ಕೊಂಡದ!"

ನಾನು ನಾಟಕ ಕಂಪನಿಯೊಂದರಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದೆ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ನನ್ನದೆಂದು ಉಳಿದದ್ದು ಆ ಪೆಟ್ಟಿಗೆ ಮತ್ತು ಮುಂಗೋಪ. ಹದಿನೇಳರ ಕಸ್ತೂರಿ ಬಂದ ಹೊಸದರಲ್ಲಿ ನಾಂದಿ ಹಾಡುವವರ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದಳು. ಒಂದು ದಿನ ಹಾಡು ತಾರಕಕ್ಕೆ ಹೋದಾಗ ಉಳಿದವರ ದನಿ ಸೋತು ಅವಳದೊಂದೇ ಮೇಲೆ ನಿಂತಿತು. ನಾನು ಬಾರಿಸುವುದನ್ನೇ ಮರೆತೆ. ಮರುದಿನ ಬೆಳಿಗ್ಗೆಯಿಂದ ಪಾಠ ಶುರುವಾಯಿತು. ಬೈದೆ, ಅಳಿಸಿದೆ, ಹಾಲಿಗೆ ಅರಿಶಿನ ಹಾಕಿ ಕುಡಿಸಿದೆ. ಎರಡು ವರ್ಷದಲ್ಲಿ ಅವಳು ಸಖಿಯ ಪಾತ್ರ ದಾಟಿ ನಾಯಕಿಯಾದಳು. ಊರಿನ ಗೋಡೆಗಳ ಮೇಲೆ ಅವಳ ಹೆಸರು ನಾಟಕದ ಹೆಸರಿಗಿಂತ ದೊಡ್ಡದಾಯಿತು.

ಕಂಪನಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಶ್ರುತಿ. ಹಿಂದಿನ ನಾಯಕಿಯದು ಬಿಳಿ ನಾಲ್ಕು, ಎಂದರೆ ನಾಲ್ಕನೆಯ ಬಿಳಿ ಕೀ. ಕಸ್ತೂರಿಯದು ಅದಕ್ಕಿಂತ ಎತ್ತರದ ಬಿಳಿ ಆರು. ನಾಯಕಿಯಾದ ಮೊದಲ ದಿನವೇ ಅವಳು ಪೆಟ್ಟಿಗೆಗೆ ಪೂಜೆ ಮಾಡಿ, ಆ ಕೀ ಮೇಲೆ ಕುಂಕುಮದ ಬೊಟ್ಟಿಟ್ಟಳು.

"ವಯಸ್ಸಾಗ್ಯದ ನಿಮಗ. ಇದು ನಂದು, ಮರೀಬ್ಯಾಡ್ರಿ ಮಾಸ್ತರ್ರ."

ಆಮೇಲೆ ಪ್ರತಿ ಆಟಕ್ಕೆ ಮುಂಚೆ ಬೊಟ್ಟಿಡುವುದು ರೂಢಿಯಾಯಿತು.

ಒಂದು ಸಂಜೆ ಬೇರೊಂದು ದೊಡ್ಡ ಕಂಪನಿಯ ಮಾಲೀಕರು ಅವಳ ಹಾಡು ಕೇಳಲೆಂದೇ ಬಂದು ಮೊದಲ ಸಾಲಿನಲ್ಲಿ ಕೂತರು. ಮೆಚ್ಚಿದರೆ ಮರುದಿನವೇ ಕರೆದೊಯ್ಯುವವರಿದ್ದರು. ಕಸ್ತೂರಿ ಅಂದು ಇಟ್ಟ ಬೊಟ್ಟು ಎಂದಿಗಿಂತ ದೊಡ್ಡದಾಗಿತ್ತು. ಪಾಪ, ಗಡಿಬಿಡಿಯಲ್ಲಿ ಇಟ್ಟಿರಬೇಕು ಎಂದುಕೊಂಡೆ. ಕಾಲಿಗೆ ಬಿದ್ದಳು, ಹರಸಿದೆ.

ಅವಳ ಹಾಡು ಭೀಮಪಲಾಸ ರಾಗದ್ದು, ತಗ್ಗಿನಿಂದ ಮೇಲೇಳುವಂಥದ್ದು. ಒಮ್ಮೆ ಪೆಟ್ಟಿಗೆ ಶ್ರುತಿ ಕೊಟ್ಟರೆ ಮುಗಿಯಿತು, ಪಾತ್ರಧಾರಿ ಅದರಲ್ಲೇ ಹಾಡಬೇಕು. ನಾನು ಬಿಳಿ ನಾಲ್ಕು ಹಿಡಿದೆ. ಕಸ್ತೂರಿ ನನ್ನತ್ತ ಒಮ್ಮೆ ನೋಡಿ ಹಾಡತೊಡಗಿದಳು. ತಗ್ಗಿನಲ್ಲಿ ದನಿ ಕೇಳಿಸಲೇ ಇಲ್ಲ, ಮೇಲೆ ಹೋದಾಗಲೂ ಮಂಕಾಗಿತ್ತು. ದಿನವೂ "ಒನ್ಸ್ ಮೋರ್" ಎಂದು ಕಿರುಚಿ ಮತ್ತೆ ಹಾಡಿಸುತ್ತಿದ್ದ ಜನ ಸುಮ್ಮನೆ ಕೂತರು. ಮಾಲೀಕರು ತೊಡೆಯ ಮೇಲಿದ್ದ ಶಾಲನ್ನು ಹೆಗಲಿಗೆ ಹಾಕಿಕೊಂಡು ಏಳಲು ಅಣಿಯಾದರು.

ಹಳೆಯ ಅಭ್ಯಾಸ, ಬೆರಳು ತಪ್ಪಿತು ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಆದರೆ ಬೊಟ್ಟು ಕಣ್ಣೆದುರಿಗೇ ಇತ್ತು, ಸ್ವಲ್ಪವೂ ಕದಡದೆ. ಅವಳು ನನ್ನನ್ನು ಬಿಟ್ಟು ಹೋಗಬಾರದೆಂದೇ ನಾನು ಹಾಗೆ ಮಾಡಿದ್ದೆ. ರಂಗದ ಮೇಲೆ ಅವಳು ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿ ನಿಂತಿದ್ದಳು.

ಆಟದ ನಡುವೆ ವಾದ್ಯದವರು ತುಟಿ ಬಿಚ್ಚಕೂಡದು ಎಂಬುದು ಕಂಪನಿಯ ಕಟ್ಟಪ್ಪಣೆ. ನಾನು ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದೆ: "ಒನ್ಸ್ ಮೋರ್!"

ಜನ ಗೊಳ್ಳೆಂದು ನಕ್ಕರು. ನಾನು ಕೂತು ಬಿಳಿ ಆರು ಒತ್ತಿದೆ.

ಆಮೇಲೆ ಜನ ಮೂರು ಸಲ ಹಾಡಿಸಿದರು. ಶಾಲು ಜಾರಿ ನೆಲಕ್ಕೆ ಬಿದ್ದದ್ದು ಮಾಲೀಕರಿಗೆ ಗೊತ್ತೇ ಆಗಲಿಲ್ಲ.

ಮರುದಿನ ಬೆಳಿಗ್ಗೆ ಹೊರಡುವ ಮುನ್ನ ಕಸ್ತೂರಿ ಬಂದಳು.

"ನಿನ್ನೆ ನಾನು ಬೇಕಂತನ..." ಎಂದೆ.

"ಗೊತ್ತದರಿ. ಅವರು ಬರೋ ಸುದ್ದಿ ಕೇಳಿ ಎರಡು ದಿನ ನೀವು ಊಟ ಬಿಟ್ಟಿದ್ರಿ. ಅದಕ್ಕ ಬೊಟ್ಟು ಅಷ್ಟು ದೊಡ್ಡದು ಇಟ್ಟಿದ್ದೆ."

ನಾನು ಅತ್ತೆ. ಅವಳು ಕುಂಕುಮಕ್ಕೆ ಎಣ್ಣೆ ಕಲಸಿ, ಬೇಗ ಅಳಿಸದ ಹಾಗೆ ಕೊನೆಯ ಬೊಟ್ಟಿಟ್ಟಳು. "ಹೊಸಾಕಿ ಬಂದ್ರ ಒರಸಿಬಿಡ್ರಿ," ಎಂದಳು.

ನಾನು ಒರೆಸಲಿಲ್ಲ. ತಾನಾಗಿ ಸವೆದುಹೋಯಿತು. ಈಗ ಪೆಟ್ಟಿಗೆಯೂ ನಾನೂ ಒಂದೇ ಮೂಲೆಯಲ್ಲಿದ್ದೇವೆ. ರೇಡಿಯೋದಲ್ಲಿ ಕಸ್ತೂರಿಯ ಹಾಡು ಬಂದರೆ ಬಿಳಿ ಆರು ಒತ್ತಿ ಹಿಡಿಯುತ್ತೇನೆ. ಹಾಡು ಮುಗಿದ ಮೇಲೆ ಬೆರಳ ತುದಿಯನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತೇನೆ.