ಆಟಗಾರರ ಐಸು

"ಕೈ ತೆಗೀಬೇಡ ಕಣೇ ದರಿದ್ರದವಳೇ!" ಸೂಪರ್‌ವೈಸರ್ ಗದರಿದ. "ಎಷ್ಟಾಯ್ತು?"

"ಐವತ್ತೆಂಟು, ಸಾರ್."

"ಐವತ್ತೆಂಟಾದ್ರೂ ತಡ್ಕೊಂಡಿದೀಯ ಅಂದ್ರೆ ಇದೇನು ಬಾಣಂತಿಗೆ ಕಾಯಿಸಿದ ನೀರಾ? ಸುರಿ ಇನ್ನೊಂದು ಚೀಲ!"

ಎತ್ತರದ ಆಳೆಂದು ಎಲ್ಲರೂ 'ಉದ್ದಕ್ಕ' ಎನ್ನುತ್ತಿದ್ದ ಅವಳು ಟಬ್ಬಿನಿಂದ ಕೈ ಎತ್ತಿದಳು. ಮೊಣಕೈವರೆಗೆ ಕೆಂಪಗೆ ಸುಲಿದಂತಾಗಿತ್ತು. ಹೋಟೆಲಿನಲ್ಲಿದ್ದ ಒಂದೇ ಥರ್ಮಾಮೀಟರು ಹಿಂದಿನ ತಂಡ ಬಂದಾಗ ಒಡೆದುಹೋಗಿತ್ತು. ಅಂದಿನಿಂದ ನೀರು ಸಾಕಷ್ಟು ತಣ್ಣಗಾಗಿದೆಯೇ ಎಂದು ಅವಳ ಕೈಯಲ್ಲೇ ನೋಡುತ್ತಿದ್ದರು. ನಲವತ್ತು ಎಣಿಸುವುದರೊಳಗೆ ತಡೆಯಲಾಗದೆ ಕೈ ಹೊರಬಂದರೆ ನೀರು ಸರಿ. ಇದು ನಾಲ್ಕನೇ ಟಬ್ಬು. ಮೂರನೆಯದಕ್ಕೇ ಕೈ ಜೋಮು ಹಿಡಿದಿತ್ತು. ಈಗ ಇನ್ನೂರರವರೆಗೂ ಎಣಿಸಬಹುದಿತ್ತು. ಅದು ಸೂಪರ್‌ವೈಸರನಿಗೆ ಹೊಳೆಯಲಿಲ್ಲ.

ಆಟ ಮುಗಿಸಿದ ತಂಡ ಐದು ಗಂಟೆಗೆ ಬರಲಿತ್ತು. ಬಂದವರು ಕಾಲಿನ ನೋವು ಇಳಿಸಿಕೊಳ್ಳಲು ನೇರ ಐಸುನೀರಿಗೆ ಇಳಿಯುತ್ತಾರೆ. ಒಂದು ಲಿಫ್ಟನ್ನು ಅವರಿಗೆಂದು ತಡೆದಿಟ್ಟಿದ್ದರು. ಕೆಲಸದವರ ಲಿಫ್ಟಿನಲ್ಲಿ ಅವರ ಪೆಟ್ಟಿಗೆಗಳು ಏರುತ್ತಿದ್ದವು. ಐಸು ಹೊರುವ ಉದ್ದಕ್ಕನಿಗೂ ಅವಳ ತಂಗಿಗೂ ಉಳಿದದ್ದು ಟಬ್ಬುಗಳಿದ್ದ ಆರನೇ ಮಹಡಿಯವರೆಗಿನ ನೂರ ಹದಿನಾಲ್ಕು ಮೆಟ್ಟಿಲು.

"ಹೆಣ ಇಡೋದಕ್ಕೂ ಇಷ್ಟು ಐಸು ಹಾಕಲ್ಲ ಕಣಕ್ಕ," ಎಂದು ತಂಗಿ ಖಾಲಿ ಚೀಲ ಕೊಡವಿ ಕೆಳಗೆ ಓಡಿದಳು.

ಮೂರನೇ ಮಹಡಿಯ ತಿರುವಿನಲ್ಲಿ ಬಿದ್ದಳು. ಬೆಳಿಗ್ಗೆಯಿಂದ ಚೀಲಗಳಿಂದ ಸೋರಿದ ನೀರು ಅಲ್ಲಿ ನಿಂತಿತ್ತು. ಕೂಗು ಕೇಳಿ ಉದ್ದಕ್ಕ ಇಳಿದು ಬರುವಷ್ಟರಲ್ಲಿ ಎಡಗಾಲಿನ ಹರಡಿನ ಗಂಟು ನಿಂಬೆಹಣ್ಣಿನಷ್ಟು ಊದಿತ್ತು. ಹಿಂದೆಯೇ ಸೂಪರ್‌ವೈಸರ್ ಬಂದ, ಕೆಳಗಿನಿಂದ ಮ್ಯಾನೇಜರ್ ಬಂದ.

"ಕೊನೇ ಚೀಲ ಎಲ್ಲಿ?" ಮ್ಯಾನೇಜರ್ ಕೇಳಿದ್ದು ಇಷ್ಟು.

"ಸಾರ್, ಇವಳ ಕಾಲು ಉಳುಕಿದೆ. ಎರಡು ಹಿಡಿ ಐಸು ಕೊಟ್ರೆ ಕಟ್ತೀನಿ, ಊತ ಇಳಿಯುತ್ತೆ."

"ಅದು ತಂಡಕ್ಕೆ ಅಂತ ತರಿಸಿದ ಐಸು ಕಣಮ್ಮ. ಅವರ ಒಂದೊಂದು ಕಾಲಿಗೂ ವಿಮೆ ಇದೆ, ಗೊತ್ತಾ?"

"ಇವಳದ್ದೂ ಕಾಲೇ ಸಾರ್."

ಸೂಪರ್‌ವೈಸರ್ ಕಿಸಕ್ಕನೆ ನಕ್ಕ. "ಯಾಕೆ, ಇವಳೂ ಗೋಲ್ ಹೊಡೀಬೇಕಾ?"

"ಬಸ್ಸು ಬರೋದ್ರೊಳಗೆ ಇವಳನ್ನ ಯಾರ ಕಣ್ಣಿಗೂ ಬೀಳದ ಕಡೆ ಹಾಕಿ," ಎಂದ ಮ್ಯಾನೇಜರ್. "ನಾಳೆ ಎರಡು ಕಾಲ ಮೇಲೆ ನಿಂತ್ರೆ ಕೆಲಸ. ಇಲ್ದಿದ್ರೆ ಬೇರೆಯವಳು ಬರ್ತಾಳೆ."

ಇಬ್ಬರೂ ತಂಡವನ್ನು ಎದುರುಗೊಳ್ಳಲು ಇಳಿದು ಹೋದರು. ಉದ್ದಕ್ಕ ತಂಗಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಳು.

"ಬೆನ್ನಿಗೆ ಹತ್ತು."

"ಅಕ್ಕ, ಕೆಳಗೆ ಹೋಗೋಣ. ಬೈತಾರೆ."

"ಬಾಯಿ ಮುಚ್ಕೊಂಡು ಕೊರಳು ಹಿಡ್ಕೋ."

ಮೂರು ಮಹಡಿ ಏರುವಾಗ ಎಲ್ಲೂ ನಿಲ್ಲಲಿಲ್ಲ. ನಾಲ್ಕನೇ ಟಬ್ಬಿನ ಅಂಚಿನ ಮೇಲೆ ಅವಳನ್ನು ಕೂರಿಸಿ, ಊದಿದ ಕಾಲನ್ನು ಐಸಿನ ನಡುವೆ ಇಳಿಸಿದಳು. "ಅಯ್ಯಯ್ಯಮ್ಮಾ!" ತಂಗಿ ಅವಳ ಭುಜ ಕಚ್ಚಿದಳು. ಕೆಳಗೆ ಬಸ್ಸಿನ ಹಾರ್ನ್, ಚಪ್ಪಾಳೆ.

ಗೋಡೆಗೆ ತಂಡದ ಡಾಕ್ಟರು ಮೊದಲೇ ಕಳಿಸಿದ್ದ ಸೂಚನೆಯ ಹಾಳೆ ಅಂಟಿಸಿತ್ತು.

"ಓದೇ ಅದನ್ನ. ಎಷ್ಟು ಹೊತ್ತು ಇಡಬೇಕಂತೆ?"

"ಹ... ಹನ್ನೆರಡು ನಿಮಿಷ."

ಉದ್ದಕ್ಕ ಗೋಡೆಯ ಗಡಿಯಾರ ನೋಡಿಕೊಂಡಳು.

ಎಂಟು ನಿಮಿಷಕ್ಕೆ ಬಾಗಿಲು ತೆರೆಯಿತು. ಹೆಗಲ ಮೇಲೆ ಟವೆಲು ಹಾಕಿಕೊಂಡ ಆಟಗಾರರು, ಮುಂದೆ ಸೂಪರ್‌ವೈಸರ್.

"ಲೇ ಹಾಳುಮುಂಡೇವಾ! ಆ ಹೊಲಸು ಕಾಲು ತೆಗೀರೇ ಆಚೆಗೆ!"

ತಂಗಿ ಬೆಚ್ಚಿ ಕಾಲೆತ್ತಲು ಹೋದಳು. ಉದ್ದಕ್ಕ ಅವಳ ಮೊಣಕಾಲು ಅದುಮಿ ಹಿಡಿದಳು. ಏಳಲಿಲ್ಲ.

"ಇನ್ನೂ ನಾಲ್ಕು ನಿಮಿಷ ಇದೆ," ಎಂದಳು. "ಸಾಲಲ್ಲಿ ನಿಂತ್ಕೊಳ್ಳಿ."