ಕಣ್ಣಂಚಿನ ಉಂಗುರ

"ಮ್ಯಾಲೆ ನೋಡೇ. ರೆಪ್ಪೆ ಬಡೀಬ್ಯಾಡ."

ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಬಾಗಿಲ ಬಳಿ ಮಾಯಮ್ಮ ಮಗಳ ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿ ಹಿಡಿದಿದ್ದಳು. ಬೆಳಗಿನ ಬಿಸಿಲು ಹೊಗೆಸೊಪ್ಪಿನ ಧೂಳಿನೊಳಗೆ ತೇಲಿ ಬರುತ್ತಿತ್ತು. ಶೋಭಿತಾಳ ಕಣ್ಣು ಅಂಚಿನ ತನಕ ಕಪ್ಪಗಿತ್ತು, ಯಾರೂ ಬಿಂದಿಗೆ ಇಳಿಸದ ಬಾವಿಯ ನೀರಿನ ಹಾಗೆ.

"ಇಲ್ಲ ಕಣ, ಉಂಗ್ರ ಇಲ್ಲ," ಎಂದು ಮಾಯಮ್ಮ ಉಸಿರು ಬಿಟ್ಟಳು.

"ನೀನು ದಿನಾ ಇಂಗೆ ನೋಡುದ್ರೆ ನಾಚ್ಕಂಡು ಬರಕಿಲ್ಲ ಅದು," ಎಂದು ಶೋಭಿತಾ ನಕ್ಕಳು.

ಉಂಗುರ ಇದ್ದದ್ದು ಅವಳ ಅಣ್ಣ ನಾಗೇಶನ ಕಣ್ಣಲ್ಲಿ. ಕಪ್ಪಿನ ಸುತ್ತ, ಹುಣಸೇಹಣ್ಣಿನಲ್ಲಿ ತಿಕ್ಕಿದ ತಾಮ್ರದ ಚೊಂಬಿನ ಬಾಯಿಯಂಥ ಗೆರೆ. ಅವನು ಸೌದೆ ರಾಶಿಯ ಮೇಲೆ ಕೂತು ನಡುಗುವ ಕೈಗಳನ್ನು ಮಂಡಿಗಳ ನಡುವೆ ಅದುಮಿಕೊಂಡಿದ್ದ. ಆ ಕೈ ನೋಡಿ, ತೊದಲು ಮಾತು ಕೇಳಿ ಊರು ಅವನನ್ನು ಕುಡುಕ ಅಂದಿತ್ತು. ಮಾಯಮ್ಮನೂ ಸಂಜೆಯಾದರೆ ಅವನ ಬಾಯಿ ಮೂಸುತ್ತಿದ್ದಳು. ಕೊನೆಗೆ ಹಾಸನದ ಡಾಕ್ಟರಮ್ಮ ಕಣ್ಣಿಗೆ ದೀಪ ಹಿಡಿದು, ರಕ್ತ, ಉಚ್ಚೆ ಎಲ್ಲ ಪರೀಕ್ಷಿಸಿ, ಇದು ಹುಟ್ಟಿನಿಂದ ಬಂದ ಕಾಯಿಲೆ, ಮೈಯೊಳಗೆ ತಾಮ್ರ ಸೇರಿಕೊಂಡಿದೆ, ಕಣ್ಣಿನ ಉಂಗುರವೂ ಅದೇ, ಒಡಹುಟ್ಟಿದವರಿಗೂ ಇರಬಹುದು ಅಂದಿದ್ದರು. ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆಯಾದವರೇ ಎಂದೂ ಕೇಳಿದ್ದರು. ಮಾಯಮ್ಮ ಕಟ್ಟಿಕೊಂಡದ್ದು ಸೋದರಮಾವ ಪಾಪಯ್ಯನನ್ನು. ಈಗ ಶೋಭಿತಾಳನ್ನು ತನ್ನ ತಮ್ಮ ಶಾಂತರಾಜುವಿಗೆ ಕೊಡಬೇಕೆಂದಿದ್ದಳು. ಭಾನುವಾರ ಮಾತು ಮುಗಿಯಬೇಕಿತ್ತು.

"ನಾಳಿಕೆ ಇವಳ್ನ ಆಸ್ನಕ್ಕೆ ಕರ್ಕೊಂಡೋಗನ," ಎಂದ ನಾಗೇಶ. "ಡಾಕ್ಟ್ರಮ್ಮ ಯೋಳ್ಲಿಲ್ವಾ? ನನ್ನಂಗೆ ಕೈ ನಡುಗೋ ಒತ್ಗೆ ಎಚ್ಚುಕಮ್ಮಿ ಎಲ್ರಿಗೂ ಉಂಗ್ರ ಬಂದಿರ್ತದಂತೆ. ಬರೀ ಈಲಿ, ಅದೇ ಲಿವರ್ರು, ಕೆಟ್ಟಿದ್ರೆ ಅರ್ಧ ಜನುಕ್ಕೆ ಇರಕಿಲ್ವಂತೆ. ಇನ್ನೂ ಏನೂ ತೋರ್ದೋರಿಗೆ ಅದು ಕಾಣಾದೇ ಅಪ್ರೂಪ. ಈಗ್ಲೇ ಗೊತ್ತಾದ್ರೆ ಮಾತ್ರೇಲೇ ತಡೀಬೋದು ಅಂದ್ರು."

"ಗುಂಡ್ಕಲ್ಲಂಗವ್ಳೆ ನನ್ ಮಗ್ಳು. ಕಾಯ್ಲೆ ಐತೇನೋ ಅಂತ ರಕ್ತ ತೆಗುಸುದ್ರೆ ಶಾಂತ್ರಾಜು ತಾಳಿ ಕಟ್ಟಾನೇನ್ಲಾ?"

ನಾಗೇಶ ಎದ್ದ. ಸೌದೆ ಉರುಳಿತು.

"ನನ್ ಬಾಯಾಗೆ ವಾಸ್ನೆ ಇಲ್ದಿದ್ರೂ ಕುಡ್ದವ್ನೆ ಅಂದೆ. ಇವಳ್ ಕಣ್ಣಾಗೆ ಉಂಗ್ರ ಇಲ್ದಿದ್ರೆ ಕಾಯ್ಲೆ ಇಲ್ಲ ಅಂತೀಯ. ನಿನ್ ಮೂಗು, ಕಣ್ಣು ಎಲ್ಡ್ನೂ ಒಲೆಗಾಕವ್ವ!"

ಪಾಪಯ್ಯ ಬ್ಯಾರನ್ನಿನ ಒಲೆಗೆ ಇನ್ನೊಂದು ಸೌದೆ ನೂಕಿದ.

ಅಷ್ಟರಲ್ಲಿ ಬ್ಯಾರನ್ನಿನ ಯಜಮಾನ ಚನ್ನಪ್ಪ ಬೈಕು ನಿಲ್ಲಿಸಿ ಬಂದು ಕಿಂಡಿಯಲ್ಲಿ ಇಣುಕಿದ. ಒಳಗೆ ಸಾಲು ಸಾಲು ಎಲೆ, ನಿದ್ದೆಯಲ್ಲಿ ತೂಗುವ ಹಾಗೆ, ಎಲ್ಲವೂ ಹೊಂಬಣ್ಣ.

"ಬಣ್ಣ ಬಂದೈತಲ್ಲ ಮಾಯಮ್ಮ. ಇನ್ಯಾಕೆ ಸೌದೆ ದಂಡ? ಬೆಂಕಿ ಆರ್ಸಿ."

ಮಾಯಮ್ಮ ಸೆರಗು ಮೂಗಿಗೆ ಹಿಡಿದು ಬಿಸಿಯೊಳಗೆ ನುಗ್ಗಿ ಒಂದು ಎಲೆ ಕಿತ್ತು ತಂದಳು. ಅಂಚಿನಿಂದ ಅಂಚಿಗೆ ಚಿನ್ನ. ನಡುವಿನ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಳು. ಒಣಗಿದ್ದರೆ ಚಟ್ಟೆಂದು ಮುರಿಯಬೇಕು. ಅದು ಸದ್ದಿಲ್ಲದೆ ಬಾಗಿತು.

"ಬಣ್ಣ ನೋಡಿ ಮೋಸ ಓಗ್ಬ್ಯಾಡಿ ಗೌಡ್ರೆ. ಕಡ್ಡಿ ಇನ್ನೂ ಅಸಿ. ಈಗ್ಲೇ ಇಳ್ಸುದ್ರೆ ಒಳಗೊಳಗೇ..."



"ಒಳಗೊಳಗೇ ಏನು?" ಎಂದ ಚನ್ನಪ್ಪ.

ಅವಳು ಎಲೆಯನ್ನೇ ನೋಡುತ್ತಿದ್ದಳು. ಆಮೇಲೆ ಶೋಭಿತಾಳ ಕಡೆ ತಿರುಗಿದಳು.

"ನಾಳಿಕೆ ನಾನು ಬರಕಿಲ್ಲ ಗೌಡ್ರೆ. ಮಗಳ್ನ ಕರ್ಕಂಡು ಆಸ್ನಕ್ಕೋಗ್ಬೇಕು."

ಮರುದಿನ ಬಸ್ಸು ಅರಕಲಗೂಡು ದಾಟುವಾಗ ಬಿಸಿಲು ಕಿಟಕಿಯಿಂದ ನೇರ ಶೋಭಿತಾಳ ಮುಖಕ್ಕೆ ಬಿತ್ತು. ಹಿಂದಿನ ಸೀಟಿನಲ್ಲಿ ನಾಗೇಶ ನಿದ್ದೆಹೋಗಿದ್ದ. ಮಡಿಲಲ್ಲಿ ಅವನ ಕೈ ಅಲುಗದೆ ಮಲಗಿತ್ತು.

"ಬಿಸ್ಲು ಸೆಂದಾಗೈತೆ. ನೋಡ್ತೀಯೇನವ್ವ?" ಶೋಭಿತಾ ಕಣ್ಣರಳಿಸಿ ಕೇಳಿದಳು.

ಮಾಯಮ್ಮ ನೋಡಲಿಲ್ಲ. ಹೊಗೆಸೊಪ್ಪಿನ ಅಂಟು ಹೋಗದ ಅಂಗೈಯನ್ನು ಮಗಳ ಕಣ್ಣಿಗೂ ಬಿಸಿಲಿಗೂ ನಡುವೆ ಅಡ್ಡ ಹಿಡಿದಳು. ದಾರಿಯುದ್ದಕ್ಕೂ ಇಳಿಸಲಿಲ್ಲ.