ಎಸೆದರೆ ಪಾಪ

ಹಾಲೆಂಡಿನ ನಮ್ಮ ಫ್ರೀಸ್‌ಲ್ಯಾಂಡಿನಲ್ಲಿ ಮನೆ ಹೊಲಸಾಗಿದ್ದರೂ ಕ್ಷಮೆಯುಂಟು, ಮನೆ ಮುಂದಿನ ಕಾಲುವೆ ಹೊಲಸಾಗಿದ್ದರೆ ಇಲ್ಲ. ಚಳಿಗಾಲಕ್ಕೆ ಮುಂಚೆ ಎಲ್ಲರೂ ಒಟ್ಟಿಗೆ ಇಳಿದು ತಂತಮ್ಮ ಪಾಲಿನ ಕಾಲುವೆಯ ಕಳೆ, ಹೂಳು ಬಳಿದು ತೆಗೆಯುತ್ತೇವೆ. ಈ ಸಲ ಬಳಿಯುವಾಗ ನನ್ನ ಉದ್ದ ಹಿಡಿಯ ಕುಂಟೆಗೆ ಒಂದೆಲಗದಂಥ ಎಲೆಯ ದಪ್ಪ ಬಳ್ಳಿ ಸಿಕ್ಕಿತು. ಅಮೆರಿಕದ್ದು, ಮೀನಿನ ತೊಟ್ಟಿಗೆಂದು ತರಿಸುವಂಥದ್ದು; ಚೂರು ಉಳಿದರೂ ಸಾಕು, ಕಾಲುವೆಯನ್ನೇ ಮುಚ್ಚುತ್ತದೆ. ಗುರುತು ಹಿಡಿದವಳು ನಾನೇ ಎಂಬ ಜಂಬ ಬೇರೆ. ಪಕ್ಕದ ಮನೆಯ ಹಿಲ್ಕೆ ತೊಟ್ಟಿಗಳಲ್ಲಿ ಮೀನು ಸಾಕುತ್ತಾನೆ. ಊರಿಗೆ ಬಂದು ಎರಡು ವರ್ಷವೂ ಆಗಿಲ್ಲ.

"ಏನ್ರೀ ಹಿಲ್ಕೆ, ನಿಮ್ಮ ತೊಟ್ಟಿ ಗಲೀಜು ಸುರಿಯೋಕೆ ಊರ ಕಾಲುವೆನೇ ಬೇಕಿತ್ತಾ?" ಎಂದು ಎಲ್ಲರೆದುರೇ ಕೂಗಿದೆ. ಅವನ ಕಿವಿ ಕೆಂಪಾಯಿತು.

ಊಟಕ್ಕೆ ಕೂತಾಗ ಅತ್ತೆಗೆ ಬಳ್ಳಿ ತೋರಿಸಿ ಪ್ರತಾಪ ಕೊಚ್ಚಿದೆ.

"ಅಯ್ಯೋ, ಇದು ನಮ್ಮ ಹಿತ್ತಲ ಕೊಳದ್ದು ಕಣೇ," ಎಂದರು ಅತ್ತೆ. "ತುಂಬಿ ಹೋಗಿತ್ತು, ನಾನೇ ಕಾಲುವೆಗೆ ಬಿಟ್ಟೆ. ಜೀವ ಇರೋ ಗಿಡಾನ ಕಸಕ್ಕೆ ಎಸೆದ್ರೆ ಪಾಪ ಅಲ್ವಾ?"

ಒಣಗಿದ ಬ್ರೆಡ್ಡಿಗೂ, ತೂತು ಬಿದ್ದ ಕಾಲುಚೀಲಕ್ಕೂ ನಮ್ಮ ಮನೆಯಲ್ಲಿ ಇದೇ ಮಾತು. ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು.

ಹೊರಗೆ ಹೋದರೆ ಹಿಲ್ಕೆ ಒಬ್ಬನೇ ಎದೆಮಟ್ಟದ ನೀರಿನಲ್ಲಿ ನಿಂತು ಚೂರು ಚೂರು ಆರಿಸಿ ಬುಟ್ಟಿಗೆ ಹಾಕುತ್ತಿದ್ದ.

"ತಪ್ಪಾಯ್ತು ಟ್ರಿನ್ಕೆ ಅವರೇ," ಎಂದ. "ನೀರು ಚೆಲ್ಲುವಾಗ ಒಂದು ತುಂಡು ಜಾರಿರಬೇಕು. ನಂಗೆ ಗೊತ್ತೇ ಆಗ್ಲಿಲ್ಲ."

ಮಾಡದ ತಪ್ಪನ್ನು ಪಾಪದವನು ನಂಬಿಬಿಟ್ಟಿದ್ದ. ತಡೆಯಲಾಗದೆ ನಿಜ ಹೇಳಿದೆ. ಅವನು ಕೈಯಲ್ಲಿದ್ದ ಚೂರನ್ನು ಬುಟ್ಟಿಗೆ ಹಾಕಿ ಕುಂಟೆಗೆ ಒರಗಿದ.

"ಪಾಪ, ವಯಸ್ಸಾದವರು," ಎಂದ ಆಮೇಲೆ. "ಅವರು ಯಾಕೆ ಊರವರ ಬಾಯಿಗೆ ಬೀಳಬೇಕು? ನಂದೇ ಅಂತಿರಲಿ ಬಿಡಿ. ಹೇಗೂ ಎಲ್ಲರೂ ನಂಬಿದಾರಲ್ಲ."

ಬೇಡ ಅನ್ನಬೇಕಿತ್ತು. ಮನೆಮನೆಯ ಬಾಗಿಲು ಬಡಿದು ನಿಜ ಹೇಳಿ ಬರಬೇಕಿತ್ತು. ಆದರೆ ಎದೆಯ ಭಾರ ಇಳಿದಂತಾಗಿ, ಥೂ, ಹೇಳಲೂ ನಾಚಿಕೆ, "ತುಂಬಾ ಉಪಕಾರ ಆಯ್ತು ಹಿಲ್ಕೆ" ಎಂದೆ. ಯಾರಿಗೂ ಕೇಳಿಸದ ಹಾಗೆ, ಮೆಲ್ಲಗೆ.